ಬುಡದಲ್ಲಿ ತುಂಡಾಗುವ ಹಿತ್ತಾಳೆ ಕೇಸು: ಮನೆಯಲ್ಲಿ ರೀಲೋಡಿಂಗ್ ಮಾಡುವವರಿಗೆ ದೋಷ ನಿವಾರಣೆ ಕೈಪಿಡಿ

ಹಾರಿಸಿದ ತೋಟೆಯ ಖಾಲಿ ಹಿತ್ತಾಳೆ ಕೇಸಿಗೆ ಹೊಸ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು), ಮದ್ದು, ಗುಂಡು ಕೂರಿಸಿ ಮತ್ತೆ ಬಳಸುವುದೇ ರೀಲೋಡಿಂಗ್. ರೈಫಲಿನ ಹಿಂಬದಿಯನ್ನು ಮುಚ್ಚುವ ಬೋಲ್ಟನ್ನು ಹಿಂದಕ್ಕೆಳೆದಾಗ ಹಿತ್ತಾಳೆ ಕೇಸಿನ ಬುಡ ಮಾತ್ರ ಹೊರಬಂದು, ಉಳಿದ ಕೊಳವೆಯಂಥ ಭಾಗ ತೋಟೆ ಕೂರುವ ಗೂಡಾದ ಚೇಂಬರಿನಲ್ಲೇ ಸಿಕ್ಕಿಕೊಂಡಿರುವುದು ಮನೆಯಲ್ಲಿ ರೀಲೋಡಿಂಗ್ ಮಾಡುವವರು ಎದುರಿಸಬಹುದಾದ ಗಂಭೀರ ದೋಷಗಳಲ್ಲೊಂದು. ಇದು ಕಂಡ ಕೂಡಲೇ ಹೆಚ್ಚಿನವರು ಮದ್ದು ಜಾಸ್ತಿಯಾಯಿತೆಂದು ಭಾವಿಸಿ ಅದರ ತೂಕ ತಗ್ಗಿಸುತ್ತಾರೆ. ತಗ್ಗಿಸಿದ ಮೇಲೂ ಎರಡು ಮೂರು ಪೆಟ್ಟಿಗೆ ಖಾಲಿಯಾಗುವಷ್ಟರಲ್ಲಿ ಇನ್ನೊಂದು ಕೇಸು ಅದೇ ಜಾಗದಲ್ಲಿ ತುಂಡಾಗುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಈ ದೋಷದ ಮೂಲ ಇರುವುದು ಪ್ರೆಸ್ಸಿನಲ್ಲಿ ಕೂರಿಸಿದ ಸೈಜಿಂಗ್ ಡೈಯಲ್ಲಿ, ಅಂದರೆ ಹಾರಿಸಿದ ಕೇಸನ್ನು ಒತ್ತಿ ಮತ್ತೆ ಅಳತೆಗೆ ತರುವ ಅಚ್ಚಿನಲ್ಲಿ. ಅದನ್ನು ಎಷ್ಟು ಕೆಳಕ್ಕೆ ತಿರುಗಿಸಿಟ್ಟಿದ್ದೇವೆ ಎಂಬುದರಲ್ಲಿ. ಅಳತೆ ಮಾಡದೆ ಇದನ್ನು ಕಂಡುಹಿಡಿಯಲಾಗದು, ಅಳತೆ ಮಾಡಿದರೆ ಒಂದು ಸಂಜೆಯಲ್ಲಿ ಕಂಡುಹಿಡಿಯಬಹುದು.

ಇಲ್ಲಿ ಹೇಳಿರುವುದೆಲ್ಲ ಕತ್ತು ಕಿರಿದಾಗಿ ಭುಜ ಇಳಿಜಾರಾಗಿರುವ ರೈಫಲ್ ಕೇಸುಗಳಿಗೆ ಅನ್ವಯಿಸುತ್ತದೆ. ಉದಾಹರಣೆಗೆ 1952ರಲ್ಲಿ ಮಾರುಕಟ್ಟೆಗೆ ಬಂದ .308 ವಿಂಚೆಸ್ಟರನ್ನು ತೆಗೆದುಕೊಂಡಿದ್ದೇನೆ, ಏಕೆಂದರೆ ಅಮೆರಿಕದಲ್ಲಿ ಹೊಸದಾಗಿ ರೈಫಲ್ ರೀಲೋಡಿಂಗ್ ಕಲಿಯುವ ಅನೇಕರು ಇದರಿಂದಲೇ ಆರಂಭಿಸುತ್ತಾರೆ. ಅಲ್ಲಿ ಸ್ವಂತ ಬಳಕೆಗೆ ತೋಟೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಕಿಲ್ಲ; ಮಾರಾಟಕ್ಕೆಂದು ತಯಾರಿಸುವುದಾದರೆ ಬೇಕು. ಭಾರತದಲ್ಲಿ ಪರಿಸ್ಥಿತಿ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯು ಪರವಾನಗಿಯಿಲ್ಲದೆ ತೋಟೆ ತಯಾರಿಸಲು ಅವಕಾಶ ಕೊಡುವುದಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿಯನ್ನು ಹೊಂದುವುದಕ್ಕೆ ಮತ್ತು ಒಯ್ಯುವುದಕ್ಕೆ ಸಂಬಂಧಿಸಿದ್ದು, ತೋಟೆ ತಯಾರಿಕೆಗೆ ಸಂಬಂಧಿಸಿದ್ದಲ್ಲ. ಆದ್ದರಿಂದ ಈ ಬರಹ ಕಾನೂನು ಒಪ್ಪುವ ನಾಡುಗಳಲ್ಲಿ ಈ ಹವ್ಯಾಸ ಇಟ್ಟುಕೊಂಡಿರುವ ಕನ್ನಡಿಗರಿಗಾಗಿ.

ಕೇಸು ತುಂಡಾದ ಕೂಡಲೇ ಮಾಡಬೇಕಾದದ್ದು

ಕೋವಿಯ ಬಾಯನ್ನು ಗುರಿಯ ದಿಕ್ಕಿಗೇ ಇರಿಸಿಕೊಂಡು ಮ್ಯಾಗಜೀನ್ ತೆಗೆಯಬೇಕು; ಮತ್ತೊಂದು ತೋಟೆಯನ್ನು ಯಾವ ಕಾರಣಕ್ಕೂ ಚೇಂಬರಿಗೆ ತಳ್ಳಬಾರದು. ಒಳಗೆ ಉಳಿದ ಕೊಳವೆಯೊಳಕ್ಕೆ ಹೊಸ ತೋಟೆ ಅರ್ಧ ಹೋಗಿ ಸಿಕ್ಕಿಕೊಳ್ಳುತ್ತದೆ. ಹಾಗೆ ಸಿಕ್ಕ ತೋಟೆಯನ್ನು ಎಳೆದರೆ ಕೊಳವೆಯೂ ಜೊತೆಗೆ ಬರುತ್ತದೆಂದು ಕೆಲವರು ಸಲಹೆ ಕೊಡುವುದುಂಟು. ಜೀವಂತ ತೋಟೆಯನ್ನು ಉಪಕರಣವಾಗಿ ಬಳಸುವ ಆ ಸಲಹೆಯನ್ನು ಯಾರೂ ಪಾಲಿಸಬಾರದು. ಆಯಾ ಕ್ಯಾಲಿಬರಿಗೆಂದೇ ತಯಾರಾದ, ಮುರಿದ ಕೇಸು ತೆಗೆಯುವ ಎಕ್ಸ್‌ಟ್ರ್ಯಾಕ್ಟರ್ ಸಿಗುತ್ತದೆ. ಅದು ಕೈಯಲ್ಲಿಲ್ಲದಿದ್ದರೆ ಗನ್‌ಸ್ಮಿತ್ ಬಳಿಗೆ ಹೋಗುವುದೇ ಸರಿಯಾದ ದಾರಿ.

ತುಂಡಾದ ಎರಡು ಭಾಗಗಳನ್ನೂ, ಅದೇ ಪೆಟ್ಟಿಗೆಯಿಂದ ಅಂದು ಹಾರಿಸಿದ ಉಳಿದ ಕೇಸುಗಳನ್ನೂ ಪ್ರತ್ಯೇಕವಾಗಿ ಎತ್ತಿಡಬೇಕು. ದೋಷ ಪತ್ತೆಗೆ ಇರುವ ಸಾಕ್ಷ್ಯವೆಲ್ಲ ಅವುಗಳಲ್ಲೇ ಇದೆ. .308ರಲ್ಲಿ ಅನುಮತಿಸಲಾದ ಗರಿಷ್ಠ ಸರಾಸರಿ ಒತ್ತಡ ಚದರ ಇಂಚಿಗೆ 62,000 ಪೌಂಡ್. ಕೇಸಿನ ಗೋಡೆ ಬಿರಿದಾಗ ಆ ಒತ್ತಡದ ಅನಿಲ ಬೋಲ್ಟಿನ ಸಂದುಗಳಿಂದ ಮುಖದತ್ತ ನುಗ್ಗಬಲ್ಲದು. ರಕ್ಷಣಾ ಕನ್ನಡಕವಿಲ್ಲದೆ ರೀಲೋಡ್ ಮಾಡಿದ ತೋಟೆಯನ್ನು ಹಾರಿಸಬಾರದೆನ್ನುವುದು ಈ ಕಾರಣಕ್ಕೆ.

ಕೇಸಿನ ಮೇಲಿನ ಗುರುತುಗಳನ್ನು ಓದುವ ಕ್ರಮ

ಬಿರುಕು ಎಲ್ಲಿದೆ, ಯಾವ ದಿಕ್ಕಿನಲ್ಲಿದೆ ಎಂಬೆರಡು ಪ್ರಶ್ನೆಗಳಿಗೆ ಮೊದಲು ಉತ್ತರ ಬೇಕು. ಕೇಸಿನ ಸುತ್ತಲೂ ಅಡ್ಡಲಾಗಿ, ಬುಡದಿಂದ ಸುಮಾರು ಕಾಲು ಇಂಚಿನಿಂದ ಮೂರನೇ ಒಂದು ಇಂಚಿನಷ್ಟು ಮೇಲೆ ಬಿರುಕು ಇದ್ದರೆ ಹಿತ್ತಾಳೆ ಉದ್ದಕ್ಕೆ ಎಳೆದುಕೊಂಡಿದೆ ಎಂದರ್ಥ. ಈ ಕೈಪಿಡಿಯ ವಿಷಯ ಅದೇ. ಕತ್ತಿನಲ್ಲಿ ಉದ್ದುದ್ದಕ್ಕೆ ಸೀಳಿದ್ದರೆ ಅದು ಹಿತ್ತಾಳೆ ಗಡಸಾದದ್ದರ ಫಲ, ಅದರ ಬಗ್ಗೆ ಮುಂದೆ ಹೇಳಿದ್ದೇನೆ. ಪ್ರೈಮರ್ ಗುಳಿ ಸಡಿಲವಾಗಿದ್ದು, ಕೇಸಿನ ತಳದ ಮೇಲೆ ಬೋಲ್ಟಿನ ಎಜೆಕ್ಟರ್ (ಖಾಲಿ ಕೇಸನ್ನು ಹೊರಚಿಮ್ಮುವ ಭಾಗ) ರಂಧ್ರದ ದುಂಡು ಅಚ್ಚು ಹೊಳೆಯುತ್ತಿದ್ದರೆ ಮಾತ್ರ ಮದ್ದಿನ ಪ್ರಮಾಣದ ಮೇಲೆ ಅನುಮಾನಪಡಬೇಕು. ಆಗ ಪ್ರಕಟಿತ ಲೋಡ್ ಕೋಷ್ಟಕದ ಆರಂಭದ ಅಳತೆಗೆ ಹಿಂತಿರುಗಿ, ತಕ್ಕಡಿಯನ್ನು ಪರೀಕ್ಷಾ ತೂಕಗಳಿಂದ ಪರಿಶೀಲಿಸಬೇಕು.

ಚಪ್ಪಟೆಯಾದ ಪ್ರೈಮರ್ ದಾರಿ ತಪ್ಪಿಸುವ ಗುರುತು. ಅದನ್ನು ಕಂಡೊಡನೆ ಒತ್ತಡ ಹೆಚ್ಚೆಂದು ತೀರ್ಮಾನಿಸುವುದು ರೂಢಿಯಾಗಿದೆ. ಆದರೆ ತೋಟೆಗೂ ಬೋಲ್ಟಿನ ಮುಖಕ್ಕೂ ನಡುವೆ ಅಂತರ ಜಾಸ್ತಿಯಿದ್ದಾಗಲೂ ಪ್ರೈಮರ್ ಚಪ್ಪಟೆಯಾಗುತ್ತದೆ: ಸಿಡಿತದ ಮೊದಲ ಕ್ಷಣದಲ್ಲಿ ಪ್ರೈಮರ್ ತನ್ನ ಗುಳಿಯಿಂದ ಹಿಂದಕ್ಕೆ ಜಾರಿ ಬೋಲ್ಟಿಗೆ ಒರಗಿ ಅಂಚಿನಲ್ಲಿ ಉಬ್ಬಿಕೊಳ್ಳುತ್ತದೆ, ಮರುಕ್ಷಣದಲ್ಲಿ ಕೇಸಿನ ತಳವೂ ಹಿಂದೆ ಬಂದು ಆ ಉಬ್ಬಿದ ಪ್ರೈಮರನ್ನು ಮತ್ತೆ ಗುಳಿಯೊಳಕ್ಕೆ ಅದುಮುತ್ತದೆ. ಒತ್ತಡ ಕಡಿಮೆಯಿರುವ ಹಗುರ ಲೋಡಿನಲ್ಲಿ ಕೇಸಿನ ತಳ ಹಿಂದೆ ಬರುವುದೇ ಇಲ್ಲ, ಪ್ರೈಮರ್ ಹೊರಚಾಚಿಕೊಂಡೇ ಉಳಿಯುತ್ತದೆ. ಹಗುರ ಲೋಡಿನ ನಂತರ ಬೆರಳಿಗೆ ತಟ್ಟುವಷ್ಟು ಹೊರಬಂದ ಪ್ರೈಮರ್ ಕಂಡರೆ, ಆ ಚಾಚಿಕೆ ಹೆಚ್ಚುಕಡಿಮೆ ಇರುವ ಅಂತರದ ಅಳತೆಯೇ ಆಗಿರುತ್ತದೆ.

ಇನ್ನು ಹೊಳೆಯುವ ಉಂಗುರ. ಬುಡದ ಮೇಲ್ಭಾಗದಲ್ಲಿ ಸುತ್ತಲೂ ಹೊಳಪಾದ ಗೆರೆ ಕಂಡರೆ ಕೇಸು ತುಂಡಾಗಲಿದೆ ಎಂದು ಹೆದರುವವರೂ ಇದ್ದಾರೆ, ಅದನ್ನು ಗಮನಿಸದೆಯೇ ಬಿಡುವವರೂ ಇದ್ದಾರೆ. ಸೈಜಿಂಗ್ ಡೈ ಕೇಸಿನ ಮೇಲೆ ಎಲ್ಲಿಯವರೆಗೆ ಇಳಿಯುತ್ತದೋ ಅಲ್ಲಿಯೂ ಅಂಥದೇ ಗೆರೆ ಬೀಳುತ್ತದೆ, ಅದು ನಿರುಪದ್ರವಿ. ಹೊರಗಿನಿಂದ ನೋಡಿ ಎರಡನ್ನೂ ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟ, ಒಳಗಿನಿಂದ ಮುಟ್ಟಿ ನೋಡಿದರೆ ಸುಲಭ. ಪೇಪರ್ ಕ್ಲಿಪ್ಪನ್ನು ನೆಟ್ಟಗೆ ಮಾಡಿ, ತುದಿಯ ಎಂಟನೇ ಒಂದು ಇಂಚಿನಷ್ಟನ್ನು ಲಂಬವಾಗಿ ಬಗ್ಗಿಸಿ, ಆ ತುದಿಯನ್ನು ಅರದಿಂದ ಉಜ್ಜಿ ಚೂಪು ಮಾಡಿಕೊಳ್ಳಬೇಕು. ಕೇಸಿನ ಬಾಯಿಯಿಂದ ಅದನ್ನು ತಳದವರೆಗೆ ಇಳಿಸಿ, ಚೂಪು ತುದಿ ಒಳಗೋಡೆಗೆ ತಾಗಿರುವಂತೆ ನಿಧಾನವಾಗಿ ಮೇಲಕ್ಕೆಳೆಯಬೇಕು. ಒಳ್ಳೆಯ ಕೇಸಿನಲ್ಲಿ ತಳದ ದಪ್ಪ ಹಿತ್ತಾಳೆಯಿಂದ ತೆಳು ಗೋಡೆಯವರೆಗೆ ತುದಿ ಅಡೆತಡೆಯಿಲ್ಲದೆ ಜಾರುತ್ತದೆ. ಎಳೆದುಕೊಂಡ ಕೇಸಿನಲ್ಲಿ ಒಂದು ಕಡೆ ತುದಿ ಸಣ್ಣ ಚರಂಡಿಗೆ ಬಿದ್ದು ತಡೆಯುತ್ತದೆ, ಸ್ವಲ್ಪ ಬಲ ಹಾಕಿದ ಮೇಲೆ ಟಕ್ಕೆಂದು ಹೊರಬರುತ್ತದೆ. ಮೊದಲು ಹೊಚ್ಚಹೊಸ ಕೇಸಿನಲ್ಲಿ ಹೀಗೆ ಮಾಡಿ ಬೆರಳಿಗೆ ಅಭ್ಯಾಸ ಮಾಡಿಸಿದರೆ ವ್ಯತ್ಯಾಸ ತಪ್ಪುವುದಿಲ್ಲ.

ಅನುಮಾನ ಉಳಿದರೆ ಒಂದು ಕೇಸನ್ನು ಬಲಿ ಕೊಡುವುದೇ ಲೇಸು. ಪ್ರೈಮರ್ ತೆಗೆದ ಖಾಲಿ ಕೇಸನ್ನು ವೈಸ್‌ನಲ್ಲಿ ಹಿಡಿದು, ಹ್ಯಾಕ್ಸಾದಿಂದ ಉದ್ದಕ್ಕೆ ಸೀಳಿ, ಕತ್ತರಿಸಿದ ಅಂಚನ್ನು ಅರದಿಂದಲೂ ನಯವಾದ ಎಮೆರಿ ಕಾಗದದಿಂದಲೂ ಉಜ್ಜಿ ಭೂತಗನ್ನಡಿಯಲ್ಲಿ ನೋಡಬೇಕು. ತಳದ ಹತ್ತಿರ ದಪ್ಪವಾಗಿದ್ದು ಮೇಲೇರಿದಂತೆ ಒಂದೇ ಹದದಲ್ಲಿ ಸಣ್ಣಗಾಗಬೇಕಾದ ಗೋಡೆ, ದೋಷವಿರುವ ಕೇಸಿನಲ್ಲಿ ದಪ್ಪ ಭಾಗ ಮುಗಿಯುವಲ್ಲಿಯೇ ಒಳಬದಿಯಿಂದ ಸವೆದಂತೆ ತಗ್ಗಾಗಿ, ಅದರ ಮೇಲೆ ಮತ್ತೆ ದಪ್ಪವಾಗಿರುತ್ತದೆ. ಆ ತಗ್ಗಿನಲ್ಲಿ ಉಳಿದಿರುವ ಹಿತ್ತಾಳೆ ಕೆಲವೊಮ್ಮೆ ಕಾಗದದಷ್ಟು ತೆಳುವಾಗಿರುವುದನ್ನು ಒಮ್ಮೆ ಕಣ್ಣಾರೆ ಕಂಡವರು ಮುಂದೆ ಈ ಪರೀಕ್ಷೆಯನ್ನು ಬಿಡುವುದಿಲ್ಲ.

ಅದೇ ಜಾಗದಲ್ಲೇ ಏಕೆ ತುಂಡಾಗುತ್ತದೆ

.308ರಂಥ ತೋಟೆ ಚೇಂಬರಿನಲ್ಲಿ ಭುಜದ ಆಧಾರದ ಮೇಲೆ ನಿಲ್ಲುತ್ತದೆ. ಬೋಲ್ಟಿನ ಮುಖದಿಂದ, ಚೇಂಬರಿನ ಭುಜದಲ್ಲಿ ವ್ಯಾಸ ಸರಿಯಾಗಿ 0.400 ಇಂಚು ಇರುವ ಬಿಂದುವಿನವರೆಗಿನ ದೂರವೇ ಅದರ ಹೆಡ್‌ಸ್ಪೇಸ್. ಅಮೆರಿಕದ ತಯಾರಕರ ಸಂಸ್ಥೆಯಾದ ಸ್ಯಾಮಿ ನಿಗದಿಪಡಿಸಿದ ಅಳತೆಗೆ ತಕ್ಕಂತೆ ಚೇಂಬರಿನಲ್ಲಿಟ್ಟು ಬೋಲ್ಟ್ ಮುಚ್ಚಿ ನೋಡುವ ಅಳತೆಗಟ್ಟಿಗಳಲ್ಲಿ, .308ರ ಗೋ ಗೇಜ್ (ಬೋಲ್ಟ್ ಮುಚ್ಚಬೇಕಾದದ್ದು) 1.630 ಇಂಚು, ನೋ-ಗೋ ಗೇಜ್ (ಮುಚ್ಚಬಾರದ್ದು) 1.634 ಇಂಚು, ಫೀಲ್ಡ್ ಗೇಜ್ (ಸವೆತದ ಕೊನೆಯ ಮಿತಿ) 1.638 ಇಂಚು. ಒಳ್ಳೆಯ ಚೇಂಬರಿಗೂ ಸವೆದ ಚೇಂಬರಿಗೂ ನಡುವಿನ ವ್ಯತ್ಯಾಸ ಎಂಟು ಥೌ ಮಾತ್ರ. ಲೇತ್ ಕೆಲಸ ಬಲ್ಲವರ ಬಾಯಲ್ಲಿ ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ. ಮುಂದೆ ಅದನ್ನೇ ಬಳಸುತ್ತೇನೆ.

ಕೇಸಿನ ಭುಜ ಚೇಂಬರಿನ ಭುಜಕ್ಕಿಂತ ಎಂಟೋ ಹತ್ತೋ ಥೌ ಹಿಂದಿದೆ ಎಂದುಕೊಳ್ಳೋಣ. ಫೈರಿಂಗ್ ಪಿನ್ ಹೊಡೆದೊಡನೆ ತೋಟೆ ಅಷ್ಟು ದೂರ ಮುಂದಕ್ಕೆ ಜಾರುತ್ತದೆ. ಒತ್ತಡ ಏರತೊಡಗಿದಂತೆ ಕೇಸಿನ ಮುಂಭಾಗದ ತೆಳು ಗೋಡೆ ಉಬ್ಬಿ ಚೇಂಬರಿನ ಗೋಡೆಯನ್ನು ಕಚ್ಚಿ ಹಿಡಿಯುತ್ತದೆ. ತಳದ ದಪ್ಪ ಹಿತ್ತಾಳೆ ಹಾಗೆ ಉಬ್ಬಲಾರದು, ಕಚ್ಚಲಾರದು. ಅದಕ್ಕೆ ಇರುವ ದಾರಿ ಹಿಂದಕ್ಕೆ, ಬೋಲ್ಟಿನ ಮುಖ ಸಿಗುವವರೆಗೆ. ಮುಂದಿನ ಭಾಗ ಹಿಡಿದು ನಿಂತಿದೆ, ಹಿಂದಿನ ಭಾಗ ಸರಿಯುತ್ತಿದೆ. ಎರಡೂ ಸೇರುವ ಕಡೆ ಹಿತ್ತಾಳೆ ಎಳೆದು ತೆಳುವಾಗದೆ ಬೇರೆ ಉಪಾಯವಿಲ್ಲ. ಎರಡೂ ಕೈಯಲ್ಲಿ ಹಿಡಿದೆಳೆದ ಕಣಕ ನಡುವೆ ಸಣ್ಣಗಾಗುವಂತೆ ಆ ಒಂದೇ ಪಟ್ಟಿ ಪ್ರತಿಸಲವೂ ಸಣ್ಣಗಾಗುತ್ತದೆ. ಕಾರ್ಟ್ರಿಜ್ ಹಿತ್ತಾಳೆ ನೂರಕ್ಕೆ 70 ಭಾಗ ತಾಮ್ರ, 30 ಭಾಗ ಸತುವಿನ ಮಿಶ್ರಣ. ಚೆನ್ನಾಗಿ ಹಿಗ್ಗುವ ಲೋಹವಾದ್ದರಿಂದ ಒಂದೆರಡು ಸಲ ತಾಳಿಕೊಳ್ಳುತ್ತದೆ. ಮನೆಗೆ ತಂದು ಡೈಯಲ್ಲಿ ಒತ್ತಿ ಭುಜವನ್ನು ಮತ್ತೆ ಹತ್ತು ಥೌ ಹಿಂದಕ್ಕೆ ತಳ್ಳಿದರೆ ಮುಂದಿನ ಸಲವೂ ಅದೇ ಪಟ್ಟಿ ಹಿಗ್ಗಬೇಕು. ಹೀಗೆ ನಾಲ್ಕೈದು ಸಲದೊಳಗೆ ಹಿಗ್ಗಲು ಲೋಹವೇ ಉಳಿಯುವುದಿಲ್ಲ. ಕೇಸಿನ ಉದ್ದ ಪ್ರತಿಸಲವೂ ಬೆಳೆಯುತ್ತಿದ್ದು, .308ಕ್ಕೆ ಗರಿಷ್ಠವಾದ 2.015 ಇಂಚನ್ನು ಬೇಗಬೇಗ ದಾಟುತ್ತಿದೆ, ಮತ್ತೆಮತ್ತೆ ಬಾಯಿ ಕತ್ತರಿಸಿ 2.005ಕ್ಕೆ ಟ್ರಿಮ್ ಮಾಡಬೇಕಾಗುತ್ತಿದೆ ಎಂದಾದರೆ ಅದೂ ಒಂದು ಸುಳಿವು: ಟ್ರಿಮ್ಮರಿನ ಕೆಳಗೆ ಬೀಳುವ ಹಿತ್ತಾಳೆ ಬುಡದ ಪಟ್ಟಿಯಿಂದ ಹೊರಟುಬಂದದ್ದಾಗಿರಬಹುದು.

ಅಳತೆ

ಇದಕ್ಕೆ ಕ್ಯಾಲಿಪರ್ ಒಂದರಿಂದ ಸಾಲದು. ಕ್ಯಾಲಿಪರಿಗೆ ಸಿಕ್ಕಿಸುವ, ಭುಜದ ಮೇಲೆ ಕೂರುವ ಹೆಡ್‌ಸ್ಪೇಸ್ ಕಂಪ್ಯಾರೇಟರ್ ಬೇಕು. ಅದು ತೋರಿಸುವ ಅಂಕಿ ಕಂಪ್ಯಾರೇಟರಿನ ರಂಧ್ರದ ಅಂಚನ್ನು ಅವಲಂಬಿಸಿರುವುದರಿಂದ ಸ್ಯಾಮಿಯ 1.630ಕ್ಕೆ ಹೋಲಿಸಿ ಕೊರಗಬೇಕಾಗಿಲ್ಲ. ಹಾರಿಸಿದ ಕೇಸಿಗೂ ಸೈಜ್ ಮಾಡಿದ ಕೇಸಿಗೂ ನಡುವಿನ ವ್ಯತ್ಯಾಸ ಮಾತ್ರ ನಮಗೆ ಮುಖ್ಯ.

ಅದೇ ರೈಫಲಿನಲ್ಲಿ ಹಾರಿಸಿದ ಐದಾರು ಕೇಸುಗಳನ್ನು ತೆಗೆದುಕೊಂಡು, ಮೊದಲು ಪ್ರೈಮರನ್ನು ಹೊರತೆಗೆಯಬೇಕು; ಚೂರು ಉಬ್ಬಿದ ಪ್ರೈಮರ್ ಕೂಡ ಅಳತೆಯನ್ನು ಎರಡು ಮೂರು ಥೌ ಕೆಡಿಸಿಬಿಡುತ್ತದೆ. ಪ್ರೈಮರ್ ತೆಗೆಯಲು ಸೈಜಿಂಗ್ ಡೈಯನ್ನೇ ಬಳಸಿದರೆ ಅಳೆಯಬೇಕಾದ ಭುಜವನ್ನೇ ಸರಿಸಿದಂತಾಗುತ್ತದೆ, ಆದ್ದರಿಂದ ಪ್ರೈಮರನ್ನು ಮಾತ್ರ ಹೊರತಳ್ಳುವ ಡಿಕ್ಯಾಪಿಂಗ್ ಡೈ ಬಳಸಬೇಕು. ಬಾಯಿಯ ಡೊಂಕು ತಿದ್ದಿ, ಮಸಿ ಒರೆಸಿ ಪ್ರತಿಯೊಂದನ್ನೂ ಅಳೆದು, ಅವುಗಳಲ್ಲಿ ಅತ್ಯಂತ ಉದ್ದದ್ದನ್ನು ಆಧಾರವಾಗಿ ಬರೆದಿಟ್ಟುಕೊಳ್ಳಬೇಕು. ಒಂದೇ ಸಲ ಹಾರಿಸಿದ ಕೇಸು ಚೇಂಬರನ್ನು ಪೂರ್ತಿ ತುಂಬಿಕೊಂಡಿರಲಾರದು. ಎರಡು ಮೂರು ಸಲ ಹಾರಿಸಿದ್ದು ಹೆಚ್ಚು ನಂಬಿಕೆಗೆ ಅರ್ಹ.

ಈಗ ನಿಮ್ಮ ಡೈ ಸದ್ಯಕ್ಕೆ ಹೇಗಿದೆಯೋ ಹಾಗೆಯೇ ಬಿಟ್ಟು, ಅಂಥ ಒಂದು ಕೇಸನ್ನು ಸೈಜ್ ಮಾಡಿ ಅಳೆಯಿರಿ. ಬೋಲ್ಟ್ ಆ್ಯಕ್ಷನ್ ರೈಫಲಿಗೆ ಭುಜ ಒಂದರಿಂದ ಎರಡು ಥೌ ಹಿಂದೆ ಸರಿದಿದ್ದರೆ ಸಾಕು. ಸ್ವಯಂಲೋಡ್ ರೈಫಲಿಗೆ ಮೂರರಿಂದ ನಾಲ್ಕು ಬೇಕು, ಏಕೆಂದರೆ ಅಲ್ಲಿ ತೋಟೆ ಕೈಯ ಬಲವಿಲ್ಲದೆ ತಾನಾಗಿ ಚೇಂಬರಿಗೆ ಸೇರಿ ಬೋಲ್ಟ್ ಪೂರ್ತಿ ಮುಚ್ಚಬೇಕು. ವ್ಯತ್ಯಾಸ ಎಂಟು, ಹತ್ತು, ಹನ್ನೆರಡು ಥೌ ಎಂದು ಬಂದರೆ ದೋಷ ಕೈಗೆ ಸಿಕ್ಕಿತು.

ಡೈಯನ್ನು ಮರುಹೊಂದಿಸುವುದು

ಡೈಯ ಜೊತೆ ಬರುವ ಚೀಟಿಯಲ್ಲಿ ಸಾಮಾನ್ಯವಾಗಿ, ಕೇಸಿನ ಬುಡವನ್ನು ಹಿಡಿಯುವ ಶೆಲ್ ಹೋಲ್ಡರಿಗೆ ತಾಗುವವರೆಗೆ ತಿರುಗಿಸಿ ನಂತರ ಎಂಟನೇ ಒಂದೋ ಕಾಲೋ ಸುತ್ತು ಇನ್ನೂ ಬಿಗಿಮಾಡಿ ಎಂದಿರುತ್ತದೆ. ತಯಾರಕರ ದೃಷ್ಟಿಯಿಂದ ಇದು ಸಹಜ, ಏಕೆಂದರೆ ಅತ್ಯಂತ ಬಿಗಿಯಾದ ಚೇಂಬರಿಗೂ ತೋಟೆ ಹೊಂದಲೇಬೇಕು. ನಿಮ್ಮ ಚೇಂಬರ್ ಅಷ್ಟು ಬಿಗಿಯಲ್ಲದಿದ್ದರೆ ಅದೇ ಸೂಚನೆ ಪ್ರತಿಸಲವೂ ಭುಜವನ್ನು ಅತಿಯಾಗಿ ಹಿಂದಕ್ಕೆ ತಳ್ಳುತ್ತದೆ. ಆ ಚೀಟಿಯನ್ನು ಆರಂಭದ ಹೆಜ್ಜೆಯೆಂದು ತೆಗೆದುಕೊಳ್ಳಬೇಕೇ ಹೊರತು ಕೊನೆಯ ಮಾತೆಂದು ತಿಳಿಯಬಾರದು.

ಲಾಕ್ ರಿಂಗ್ ಸಡಿಲಿಸಿ ಡೈಯನ್ನು ಒಂದು ಸುತ್ತಿನಷ್ಟು ಮೇಲಕ್ಕೆ ತಿರುಗಿಸಿ. ಚೆನ್ನಾಗಿ ಲ್ಯೂಬ್ (ಜಾರುವ ಲೇಪ) ಸವರಿದ, ಅಳತೆ ಗೊತ್ತಿರುವ ಕೇಸೊಂದನ್ನು ಸೈಜ್ ಮಾಡಿ, ಲ್ಯೂಬ್ ಒರೆಸಿ ಅಳೆಯಿರಿ. ಇಲ್ಲಿ ಹಲವರು ಗಾಬರಿಯಾಗುತ್ತಾರೆ: ಸೈಜ್ ಮಾಡಿದ ಮೇಲೆ ಅಳತೆ ಕಡಿಮೆಯಾಗುವ ಬದಲು ಎರಡು ಮೂರು ಥೌ ಹೆಚ್ಚಾಗಿರುತ್ತದೆ. ಡೈ ಮೊದಲು ಕೇಸಿನ ಒಡಲನ್ನು ಅಮುಕುವುದರಿಂದ ಭುಜ ಮುಂದಕ್ಕೆ ನೂಕಲ್ಪಡುತ್ತದೆ. ಡೈಯ ಭುಜ ಕೇಸಿನ ಭುಜವನ್ನು ಮುಟ್ಟಿದ ಮೇಲಷ್ಟೇ ಅದು ಹಿಂದೆ ಸರಿಯತೊಡಗುತ್ತದೆ. ಅರೆಬರೆ ಸೈಜ್ ಮಾಡಿದ ಕೇಸಿನ ಮೇಲೆ ಬೋಲ್ಟ್ ಮುಚ್ಚಲು ಒದ್ದಾಡುವುದು ಇದರಿಂದಲೇ. ಇಲ್ಲಿಂದ ಡೈಯನ್ನು ಸ್ವಲ್ಪಸ್ವಲ್ಪವಾಗಿ ಇಳಿಸುತ್ತ, ಪ್ರತಿ ಬಾರಿಯೂ ಒತ್ತಿ ಅಳೆಯುತ್ತ ಹೋಗಬೇಕು. ಡೈಯ ಥ್ರೆಡ್ ಇಂಚಿಗೆ 14 ಸುತ್ತಿನದು, ಅಂದರೆ ಪೂರ್ತಿ ಒಂದು ಸುತ್ತಿಗೆ ಸುಮಾರು 71 ಥೌ, ಎಂಟನೇ ಒಂದು ಸುತ್ತಿಗೆ ಸುಮಾರು ಒಂಬತ್ತು ಥೌ. ಒಂದು ಥೌ ಬೇಕೆಂದರೆ ಕೈ ಐದು ಡಿಗ್ರಿಯಷ್ಟು ಮಾತ್ರ ಸರಿಯಬೇಕು. ಡೈಯ ಮೇಲೂ ಪ್ರೆಸ್ಸಿನ ಮೇಲೂ ಮಾರ್ಕರಿನಿಂದ ಒಂದೊಂದು ಗೆರೆ ಎಳೆದುಕೊಂಡರೆ ಇದು ಕಣ್ಣಿಗೆ ಕಾಣುವಂತಾಗುತ್ತದೆ. ಬೇಕಾದ ಅಳತೆ ಬಂದಾಗ, ಪ್ರೆಸ್ಸಿನ ಹಿಡಿ ಕೆಳಗಿದ್ದು ಕೇಸು ಡೈಯೊಳಗೆ ಒತ್ತಿಕೊಂಡಿರುವಾಗಲೇ ಲಾಕ್ ರಿಂಗ್ ಬಿಗಿಮಾಡಿದರೆ ಡೈ ಜಾರುವುದಿಲ್ಲ. ಶೆಲ್ ಹೋಲ್ಡರಿಗೂ ಡೈಗೂ ನಡುವೆ ಸಂದು ಬಿಡಲು ಇಷ್ಟವಿಲ್ಲದವರಿಗೆ, ಎರಡೆರಡು ಥೌ ವ್ಯತ್ಯಾಸದ ಶೆಲ್ ಹೋಲ್ಡರ್‌ಗಳ ಗುಂಪು ಸಿಗುತ್ತದೆ. ಬೆಲೆ ಸ್ವಲ್ಪ ಹೆಚ್ಚಾದರೂ ಅಳತೆ ಹೆಚ್ಚು ಸ್ಥಿರವಾಗಿರುತ್ತದೆ ಎಂಬುದು ನನ್ನ ಅಭಿಪ್ರಾಯ.

ಒಂದೇ ಹೊಂದಿಕೆಯಲ್ಲಿ ಕೇಸಿನಿಂದ ಕೇಸಿಗೆ ಅಳತೆ ನಾಲ್ಕೈದು ಥೌ ಏರಿಳಿಯುತ್ತಿದ್ದರೆ ಡೈಯನ್ನು ಮುಟ್ಟಬೇಡಿ. ಲ್ಯೂಬ್ ಸಮವಾಗಿ ಸವರಿಲ್ಲ, ಇಲ್ಲವೇ ಬೇರೆಬೇರೆ ತಯಾರಿಕೆಯ ಮತ್ತು ಬೇರೆಬೇರೆ ಸಲ ಹಾರಿಸಿದ ಕೇಸುಗಳು ಬೆರೆತಿವೆ. ಗಡಸಾದ ಹಿತ್ತಾಳೆ ಡೈಯಿಂದ ಹೊರಬಂದ ಮೇಲೆ ಪುಟಿದು ಹಿಂದಿನ ಆಕಾರಕ್ಕೆ ಮರಳಲು ನೋಡುತ್ತದೆ, ಮೆತ್ತಗಿನದು ಒತ್ತಿದಲ್ಲೇ ನಿಲ್ಲುತ್ತದೆ.

ಡೈ ಸರಿಯಿದ್ದೂ ದೋಷ ಮುಂದುವರಿದರೆ

ಹಾರಿಸಿದ ಕೇಸಿಗೂ ಸೈಜ್ ಮಾಡಿದ ಕೇಸಿಗೂ ಎರಡೇ ಥೌ ವ್ಯತ್ಯಾಸವಿದ್ದು, ಹೊಸ ಫ್ಯಾಕ್ಟರಿ ತೋಟೆ ಹಾರಿಸಿದಾಗಲೇ ಒಳಗೆ ಚರಂಡಿ ಮೂಡುತ್ತಿದ್ದರೆ ರೈಫಲಿನ ಹೆಡ್‌ಸ್ಪೇಸನ್ನೇ ಗೇಜ್ ಹಾಕಿ ನೋಡಿಸಬೇಕು. ಎಕ್ಸ್‌ಟ್ರ್ಯಾಕ್ಟರ್, ಎಜೆಕ್ಟರ್ ಎಂಬ ಬೋಲ್ಟಿನ ಬಿಡಿಭಾಗಗಳನ್ನು ಬಿಚ್ಚಿಟ್ಟು ಮಾಡಬೇಕಾದ ಸೂಕ್ಷ್ಮ ಪರೀಕ್ಷೆ ಅದು. ಗನ್‌ಸ್ಮಿತ್ ಮಾಡುವುದೇ ಉತ್ತಮ. ಫೀಲ್ಡ್ ಗೇಜಿನ ಮೇಲೆ ಬೋಲ್ಟ್ ಮುಚ್ಚಿಕೊಂಡರೆ ಆ ರೈಫಲ್ ದುರಸ್ತಿಯಾಗುವವರೆಗೆ ಹಾರಿಸುವಂತಿಲ್ಲ.

ಹಳೆಯ .303 ಲೀ-ಎನ್‌ಫೀಲ್ಡ್ ಇಟ್ಟುಕೊಂಡವರ ಪಾಡು ಬೇರೆ. ಅದರ ತೋಟೆ ಬುಡದ ಅಂಚಿನ ಮೇಲೆ ನಿಲ್ಲುತ್ತದೆ, ಭುಜದ ಭಾಗದಲ್ಲಿ ಚೇಂಬರ್ ಧಾರಾಳವಾಗಿರುತ್ತದೆ, ಬೋಲ್ಟನ್ನು ಬಿಗಿಹಿಡಿಯುವ ಲಾಕಿಂಗ್ ಲಗ್‌ಗಳು ಹಿಂಭಾಗದಲ್ಲಿರುವುದರಿಂದ ಸಿಡಿತದ ಕ್ಷಣದಲ್ಲಿ ಬೋಲ್ಟು ತುಸು ಕುಗ್ಗುತ್ತದೆ ಕೂಡ. ನಂಬರ್ 4 ಮಾದರಿಯಲ್ಲಿ 0ಯಿಂದ 3ರವರೆಗೆ ಸಂಖ್ಯೆಯಿರುವ ಬೋಲ್ಟ್ ಹೆಡ್‌ಗಳನ್ನು ಬದಲಿಸಿ ಹೆಡ್‌ಸ್ಪೇಸ್ ಸರಿಪಡಿಸುವ ವ್ಯವಸ್ಥೆ ಇದೆ. ಹೊಸ ಕೇಸನ್ನು ಮೊದಲ ಸಲ ಹಾರಿಸುವಾಗ ಅಂಚಿನ ಮುಂದೆ ತೆಳು ರಬ್ಬರ್ ಓ-ರಿಂಗ್ ಹಾಕಿ ತೋಟೆಯನ್ನು ಬೋಲ್ಟಿಗೆ ಒರಗಿಸಿಡುವುದು, ಅನಂತರ ಕತ್ತನ್ನು ಮಾತ್ರ ಸೈಜ್ ಮಾಡುವುದು .303 ಬಳಗದಲ್ಲಿ ರೂಢಿಯಲ್ಲಿರುವ ಒಳ್ಳೆಯ ಪದ್ಧತಿ. ಭಾರತದ ಇಚ್ಛಾಪುರದ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ 7.62 ಮಿ.ಮೀ. ತೋಟೆಗೆಂದು ತಯಾರಾದ 2ಎ ಮತ್ತು 2ಎ1 ರೈಫಲ್‌ಗಳದೂ ಅದೇ ಹಿಂಬದಿ ಲಾಕಿನ ರಚನೆ. ಅಮೆರಿಕದಲ್ಲಿ ಅವನ್ನು ಸಂಗ್ರಹಿಸಿದವರು ಕೇಸುಗಳನ್ನು ಇತರರಿಗಿಂತ ಬೇಗ ನಿವೃತ್ತಿಗೊಳಿಸಬೇಕು. .300 ವಿಂಚೆಸ್ಟರ್ ಮ್ಯಾಗ್ನಮ್‌ನಂಥ ಬುಡದಲ್ಲಿ ಬೆಲ್ಟ್ (ಸುತ್ತಲೂ ಉಬ್ಬಿದ ಪಟ್ಟಿ) ಇರುವ ಕೇಸುಗಳಲ್ಲಿ ಬೆಲ್ಟಿನ ಸ್ವಲ್ಪ ಮೇಲೆ ಇದೇ ದೋಷ ಕಾಣಿಸುತ್ತದೆ. ಬೆಲ್ಟನ್ನು ಮರೆತು ಭುಜವನ್ನೇ ಆಧಾರವಾಗಿಟ್ಟು ಡೈ ಹೊಂದಿಸಿದರೆ ಬಾಳಿಕೆ ಹೆಚ್ಚುತ್ತದೆ.

ರೇಂಜಿನಲ್ಲಿ ಹೆಕ್ಕಿದ, ಅಥವಾ ಒಮ್ಮೆ ಹಾರಿಸಿದ್ದೆಂದು ಚೀಲದಲ್ಲಿ ಕೊಂಡ ಮಿಲಿಟರಿ ಹಿತ್ತಾಳೆ ಧಾರಾಳ ಚೇಂಬರಿನ ಮೆಷಿನ್ ಗನ್ನಿನಿಂದ ಬಂದದ್ದಾಗಿರಬಹುದು. ಅದು ನಿಮ್ಮ ಕೈಗೆ ಬರುವ ಮೊದಲೇ ಅರ್ಧ ಆಯಸ್ಸು ಕಳೆದುಕೊಂಡಿರುತ್ತದೆ. ಅಂಥದರಲ್ಲಿ ಪ್ರತಿಯೊಂದನ್ನೂ ಕ್ಲಿಪ್ ಇಳಿಸಿ ನೋಡಿಯೇ ಬಳಸಬೇಕು.

ಕತ್ತಿನ ಸೀಳಿಕೆ

ಪ್ರತಿಸಲ ಹಿಗ್ಗಿ ಕುಗ್ಗಿ ಕತ್ತಿನ ಹಿತ್ತಾಳೆ ಗಡಸಾಗುತ್ತದೆ. ಅನೀಲಿಂಗ್ ಮಾಡಿ, ಅಂದರೆ ಕಾಯಿಸಿ, ಕತ್ತು ಮತ್ತು ಭುಜವನ್ನು ಮಾತ್ರ ಮೆದುಗೊಳಿಸಿದರೆ ಅದು ಸರಿಹೋಗುತ್ತದೆ. ಬುಡಕ್ಕೆ ಎಂದೂ ಶಾಖ ತಾಗಬಾರದು. ಶಾಖಕ್ಕೆ ಮೆತ್ತಗಾದ ಬುಡದ ಹಿತ್ತಾಳೆ ಒತ್ತಡ ತಡೆಯಲಾರದು. ತೆಳುವಾದ ಗೋಡೆಯನ್ನು ಅನೀಲಿಂಗ್ ದಪ್ಪ ಮಾಡುವುದೂ ಇಲ್ಲ.

ಹಾರಿಸದೆಯೇ ಪೆಟ್ಟಿಗೆಯಲ್ಲಿದ್ದ ಕೇಸು ಬಿರಿಯುವುದಕ್ಕೆ ಕಾರಣ ಬೇರೆ, ಅದರ ಚರಿತ್ರೆಗೂ ನಮ್ಮ ನಾಡಿಗೂ ನಂಟಿದೆ. ಬ್ರಿಟಿಷರ ಸೇನೆ ಭಾರತದಲ್ಲಿ ಮಳೆಗಾಲದ ತಿಂಗಳುಗಳಲ್ಲಿ ತೋಟೆಗಳನ್ನು ಕುದುರೆ ಲಾಯಗಳಲ್ಲಿ ಇರಿಸುತ್ತಿತ್ತು. ಮಳೆ ನಿಂತ ಮೇಲೆ ತೆರೆದರೆ ಹಿತ್ತಾಳೆ ಬಿರುಕು ಬಿಟ್ಟಿರುತ್ತಿತ್ತು. ಕುದುರೆಯ ಗಂಜಲದಿಂದ ಹೊಮ್ಮುವ ಅಮೋನಿಯಾ, ಲೋಹದೊಳಗೆ ಉಳಿದ ಬಿಗಿತದ ಜೊತೆ ಸೇರಿ ಇದನ್ನು ಮಾಡುತ್ತದೆಂದು ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ 1921ರಲ್ಲಿ ವಿವರಿಸಿದರು. ಹೊಳಪಿಗಾಗಿ ಅಮೋನಿಯಾ ಇರುವ ಹಿತ್ತಾಳೆ ಪಾಲಿಶ್ ಹಚ್ಚಬಾರದೆಂಬ ಎಚ್ಚರಿಕೆಯ ಹಿಂದಿರುವುದು ಈ ತಿಳಿವಳಿಕೆಯೇ.

ಉಳಿದ ಕೇಸುಗಳನ್ನು ಏನು ಮಾಡಬೇಕು

ಒಂದು ತುಂಡಾದ ಮೇಲೆ, ಅದರ ಜೊತೆಯಲ್ಲೇ ಅಷ್ಟೇ ಸಲ ಹಾರಿಸಿ ಅದೇ ಡೈಯಲ್ಲಿ ಒತ್ತಿದ ಉಳಿದೆಲ್ಲ ಕೇಸುಗಳೂ ಅದೇ ಸ್ಥಿತಿಯಲ್ಲಿವೆ ಎಂದೇ ತಿಳಿಯಬೇಕು. ಕ್ಲಿಪ್ ಪರೀಕ್ಷೆಯಲ್ಲಿ ಪಾಸಾದವನ್ನು ಉಳಿಸಿಕೊಳ್ಳುವ ಆಸೆ ಹುಟ್ಟುತ್ತದೆ, ಒಳ್ಳೆಯ ಹಿತ್ತಾಳೆ ದುಬಾರಿ ಎಂಬುದೂ ನಿಜ. ಆದರೂ ಇಡೀ ಗುಂಪನ್ನು ಕೈಬಿಡಬೇಕೆಂದೇ ನಾನು ಹೇಳುತ್ತೇನೆ: ತುದಿಗೆ ತಟ್ಟದಷ್ಟು ಚಿಕ್ಕದಾದ ತಗ್ಗು ಮುಂದಿನ ಒಂದೇ ಸಲಕ್ಕೆ ಬಿರುಕಾಗಬಲ್ಲದು. ಇನ್ನಾರೂ ಹೆಕ್ಕಿ ಬಳಸದಂತೆ ಇಕ್ಕಳದಿಂದ ಬಾಯಿ ಅಮುಕಿ ಗುಜರಿಗೆ ಹಾಕಬೇಕು. ಮರುಹೊಂದಿಸಿದ ಡೈಯಲ್ಲಿ ಹೊಸ ಕೇಸುಗಳನ್ನು ಆರಂಭಿಸಿ, ಎಷ್ಟು ಸಲ ಹಾರಿಸಿದ್ದೆಂದು ಪೆಟ್ಟಿಗೆಯ ಮೇಲೆ ಪ್ರತಿಸಲ ಬರೆಯಬೇಕು. ಐದನೆಯ ಸಲ ಹಾರಿಸಿದ ಮೇಲೆ ಆ ಗುಂಪಿನಿಂದ ಒಂದನ್ನು ಉದ್ದಕ್ಕೆ ಸೀಳಿ ನೋಡಬೇಕು; ಗೋಡೆ ತಳದಿಂದ ಮೇಲಿನವರೆಗೆ ಒಂದೇ ಹದದಲ್ಲಿ ಸಣ್ಣಗಾಗಿದ್ದರೆ ಡೈ ಸರಿಯಾಗಿ ಕೂತಿದೆ, ಎಳ್ಳಷ್ಟು ತಗ್ಗು ಕಂಡರೂ ಕಂಪ್ಯಾರೇಟರ್ ತೆಗೆದು ಅಳತೆಯನ್ನು ಮೊದಲಿನಿಂದ ಮಾಡಬೇಕು.